ಹೊಸ ಪ್ಯಾಂಟಿನ ಮೊಣಕಾಲು

ಚೀಟಿ ಮಾಡಿಸೋ ಕಿಟಕಿಯಲ್ಲಿ ಹೆಸರು ಕೇಳಿದರು.
ಎರ್ರಿಸ್ವಾಮಿ ಅಂದೆ.
ಹಿಂದೆ ನಿಂತ ಮುದುಕ ಟವೆಲ್ ಅಡ್ಡ ಹಿಡಿದು ನಕ್ಕ.
ತೆಲುಗಿನವನಿರಬೇಕು.
ನಮ್ಮ ಮನೆಮಾತಿನಲ್ಲಿ ಎರ್ರಿ ಅಂದ್ರ ಹುಚ್ಚು.
ತಾತ ಹರಕೆ ಹೊತ್ತು ಇಟ್ಟ ಹೆಸರು,
ಹುಚ್ಚನ ಹಂಗ ಊರೂರು ತಿರುಗಿ ದೇವರಾದ
ಯಾವನೋ ಅವಧೂತನದು.
ಮೊಮ್ಮಗ ನಾನು, ಇಪ್ಪತ್ಮೂರಕ್ಕೇ
ಸ್ವಾಮಿಯನ್ನ ಕೌಲ್ ಬಜಾರಿನ ಗೇಟಿನಲ್ಲಿ ಬಿಟ್ಟು
ಉಳಿದರ್ಧ ಹೆಸರು ಹೊತ್ತುಕೊಂಡು
ಮೂವತ್ತೊಂದನೇ ಕೋಣೆಗೆ ಬಂದೀನಿ.

ಏನಾಗ್ತಿದೆ ಹೇಳಿ, ಅಂದರು ನುಸ್ರತ್ ಮೇಡಂ.

ಏನೂ ಆಗಿಲ್ಲ ಮೇಡಂ. ಅದೇ ಆಗಿರೋದು.
ಕೈಕಾಲು ಗಟ್ಟಿ ಅದಾವ.
ದೀಪಾವಳಿಗೆ ಸೂಪರ್‌ವೈಸರ್ ಮಾಡ್ತೀನಿ ಅಂದಾನ ಓನರು.
ಡಿಗ್ರಿದು ಎರಡು ಪೇಪರ್ ಉಳಿದಾವ,
ಮಾವನ ಮಗಳು ಹುಲಿಗಿ ಜೊತೆ ಶ್ರಾವಣಕ್ಕೆ ಎಂಗೇಜ್‌ಮೆಂಟು.
ಆಕೀನೂ ಒಳ್ಳೆಯವಳೇ.
ಆದ್ರ ನಸುಕಿನಾಗ ಅದಿರಿನ ಗೂಡ್ಸು ಹೋಗೋ ಹೊತ್ತಿಗೆ
ಎಚ್ಚರ ಆಗ್ತದ.
ಗಾಡಿ ದಾಟಿದ ಮ್ಯಾಲೂ ಎದ್ಯಾಗ ಬೋಗಿ ಮುಗಿಯೋದಿಲ್ಲ.
ಎಣಿಸ್ತೀನಿ. ಐವತ್ತೆಂಟು. ಐವತ್ತೊಂಬತ್ತು.
ಗಾರ್ಡಿನ ಡಬ್ಬಿ ಬರೋದೇ ಇಲ್ಲ.

ಕೆಲಸ ಏನು ಅಂತ ಕೇಳಿದರು.

ಹೊಸ ಜೀನ್ಸ್ ಬರ್ತಾವ, ಕಡುನೀಲಿ, ಗಂಜಿ ಹಾಕಿದಂಗ ಬಿರುಸು.
ಒಳಗೆ ರಬ್ಬರಿನ ಕಾಲು ತುರುಕಿ ಗಾಳಿ ತುಂಬಿ
ತೊಡೆಗೆ, ಜೇಬಿನ ಅಂಚಿಗೆ, ಮೊಣಕಾಲಿಗೆ
ಸ್ಯಾಂಡ್‌ಪೇಪರ್ ಹೊಡೀತೀನಿ.
ಎಲ್ಲಿಗೂ ಹೋಗದ ಪ್ಯಾಂಟಿಗೆ
ಎಲ್ಲೆಲ್ಲೋ ಹೋಗಿಬಂದ ಗುರುತು.
ದಿನಕ್ಕೆ ನೂರಿಪ್ಪತ್ತು ಜೊತೆ ಮೊಣಕಾಲು.
ಉಗುರುಸಂದಿ ನೀಲಿ. ಉಗುಳಿದರೆ ಅದೂ ನೀಲಿ.

ಪೆನ್ನು ಕೆಳಗಿಟ್ಟರು.
ಯಾವ ಭಾಷೆಯಲ್ಲಿ ಹೇಳಿದರೆ ಹಗುರ ನಿಮಗೆ?

ಅಮ್ಮನ ಹತ್ತಿರ ತೆಲುಗು.
ಯೂನಿಟ್ಟಿನಾಗ ದಖನಿ.
ಸಹಿ, ಪರೀಕ್ಷೆ, ಒಬ್ಬಳಿಗೆ ಬರೆದು ಹರಿದ ಕಾಗದ, ಎಲ್ಲ ಕನ್ನಡ.
ಬೈಯೋದು ಮೂರರಲ್ಲೂ ಬರ್ತದ.
ಅಳಾಕ ಯಾವುದು ಅಂತ ಇಲ್ಲಿತನಕ ಯಾರೂ ಕೇಳಿದ್ದಿಲ್ಲ.

ತೆಲುಗಿನಲ್ಲಿ ಶುರು ಮಾಡಿದೆ,
ನಡುವೆಯೇ ಅಮ್ಮನ ದನಿಯಾಗಿ ನನಗೇ ಗದರಿತು.
ದಖನಿಯಲ್ಲಿ ಹೇಳಿದ್ದು ಜೋಕ್ ಆಗಿಹೋಯ್ತು.
ಕನ್ನಡದಲ್ಲಿ ಪ್ರಬಂಧ:
ಪೀಠಿಕೆ, ವಿಷಯ ವಿವರಣೆ, ಉಪಸಂಹಾರ.
ಸುಮ್ಮನಾದೆ.
ಅವರೂ ಸುಮ್ಮನಾದರು.
ಗಡಿಯಾರ ನೋಡಲಿಲ್ಲ.
ಮದುವೆಯಾದ್ರೆ ಸರಿಹೋಗ್ತದೆ ಅನ್ನಲಿಲ್ಲ.
ಹೊರಗೆ ಸೂಜಿಗೆ ಹೆದರಿದ ಕೂಸೊಂದು ಚೀರುತ್ತಿತ್ತು,
ಯಾವ ಭಾಷೆಯೂ ಇಲ್ಲದೆ.
ಅದರ ಸರದಿ ಮುಗಿದು
ನನ್ನದು ಬಂತು.

ಟೇಬಲ್ಲಿನ ಮೇಲೆ ತಿಳಿನೀಲಿ ಹನಿ ಅಂತ ನನಗನಿಸಿತು.
ಇರಲಿಕ್ಕಿಲ್ಲ. ನೀರಿಗೆ ಬಣ್ಣ ಎಲ್ಲಿಂದ.

ಮುಂದಿನ ಬುಧವಾರ ಬನ್ನಿ ಅಂದರು.
ಬರುವಾಗ ಒಂದು ಬರೆದು ತನ್ನಿ,
ಯಾರೂ ಹೇಳದೆ, ಯಾರೂ ಕೇಳದೆ, ನೀವಾಗಿ ಮಾಡಿದ್ದು.

ಮೋತಿ ಸರ್ಕಲ್‌ನಾಗ ಒಗ್ಗಾಣಿ ತಿಂದೆ. ಮೆಣಸಿನಕಾಯಿ ಎರಡು.
ಹಸಿವಾಗಿತ್ತು ಅನ್ನೋದು ಅರ್ಧ ಪ್ಲೇಟಿನ ಮ್ಯಾಲೆ ಗೊತ್ತಾಯ್ತು.
ಅಮ್ಮ ಫೋನ್ ಮಾಡಿದಳು: ಬ್ಯಾಂಕಿನ ಕೆಲಸ ಆಯ್ತಾ?
ಇಲ್ಲಮ್ಮ, ಮುಂದಿನ ಬುಧವಾರ ಬರಾಕ ಹೇಳ್ಯಾರ.
ಅರ್ಧ ಸುಳ್ಳು.
ಕೋಟೆ ಗುಡ್ಡದ ಬಂಡೆ ಕಾದು ಕಾದು
ಸಂಜೆಯ ತನಕ ಶಾಖ ಉಗುಳುತ್ತಿತ್ತು.

ಸೆಕೆಂಡ್ ಶಿಫ್ಟು.
ನೂರಾ ಹತ್ತೊಂಬತ್ತು ಉಜ್ಜಿದೆ.
ಒಂದನ್ನ ಮುಟ್ಟಲಿಲ್ಲ. ಮಡಚಿ
ಬಂಡಲಿನ ನಡುವೆ ತಳ್ಳಿದೆ.
ಚೆಕಿಂಗಿನ ಖಾಜಾ ಹಿಡಿದರೆ ಐವತ್ತು ರೂಪಾಯಿ ಕಟ್.
ಹಿಡೀಲಿ.

ಆಸ್ಪತ್ರೆ ಚೀಟಿಯ ಬೆನ್ನಿಗೆ ಬರೆದೆ:
ಒಂದು ಬಿಟ್ಟೀನಿ ಮೇಡಂ. ಮೂವತ್ನಾಕು ಸೈಜು.
ಯಾರು ಕೊಳ್ತಾರೋ ಅವರೇ ಸವೆಸ್ಕೊಳ್ಳಲಿ.

ಸವೆಸ್ಕೊಳ್ಳಲಿ ಅನ್ನೋದರಾಗ ಒತ್ತಕ್ಷರ ಎಡವಿತ್ತು.
ತಿದ್ದಾಕ ಹೋಗಲಿಲ್ಲ.